ಕಣ್ಣು ಬರೆಯದ ದೇವದೂತ

ಪ್ರೇಮಣ್ಣನ ಜಗಲಿಯಲ್ಲಿ ಕೂತು ನಾನು ಆ ಪುಟವನ್ನು ಗಟ್ಟಿಯಾಗಿ ಓದಬಾರದಿತ್ತು. ಮಾತು ಆಡಿದರೆ ಹೋಯಿತು ಎಂದು ಅಮ್ಮ ಸಾವಿರ ಸಲ ಹೇಳಿದ್ದಾಳೆ. ನನ್ನ ಬಾಯಿ ಯಾರ ಮಾತನ್ನಾದರೂ ಕೇಳಿದ್ದುಂಟೇ?

ಬ್ರಹ್ಮಾವರದಲ್ಲಿ ಪ್ರೇಮಾನಂದ ಅಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಗಣಪತಿ ಮಾಡುವ ಪ್ರೇಮಣ್ಣ ಅಂದರೆ ರಿಕ್ಷಾದವರು ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ನಲವತ್ತು ವರ್ಷದಿಂದ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದಾರೆ. ಮಣ್ಣು ತುಳಿಯಲು, ಬಣ್ಣ ಬಳಿಯಲು ಹೆಂಡತಿ ನಾಗಕ್ಕ ಇದ್ದಾರೆ. ಕಣ್ಣು ಮಾತ್ರ ಪ್ರೇಮಣ್ಣನೇ ಬರೆಯಬೇಕು, ಅದೂ ಎಲ್ಲ ಮುಗಿದ ಮೇಲೆ, ಮಿಂದು ಬಂದು. ಅಲ್ಲಿಯ ತನಕ ಅದು ಬರೀ ಮಣ್ಣು. ಶಿರೂರು, ಉಪ್ಪುಂದದ ಜನ ದಾರಿಯಲ್ಲಿ ಸಿಗುವ ಬೇರೆ ಕಲಾವಿದರನ್ನೆಲ್ಲ ಬಿಟ್ಟು ಇಲ್ಲಿಗೆ ಬರುವುದೇ ಆ ಕಣ್ಣಿಗಾಗಿ. ಅವರ ಹೆಸರೂ ಅದೇ, ಅನ್ನವೂ ಅದೇ.

ನಾನು ಶರಣ್ಯಾ, ಕುಂದಾಪುರದಲ್ಲಿ ಮದುವೆ ಕಾಗದ ಅಚ್ಚು ಹಾಕುವವಳು. ಹೊಟ್ಟೆಗೆ ಅದು, ಹುಚ್ಚಿಗೆ ಇನ್ನೊಂದು. ಮೇಜಿನ ಸುತ್ತ ಕೂತು ಆಡುವ ಒಂದು ಕಥೆಯಾಟ ಕಟ್ಟುತ್ತಿದ್ದೇನೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಾಡು, ಕೋಟೆ ದಾಟುತ್ತಾರೆ. ಎದುರಾಗುವ ಪ್ರತಿ ಜೀವಿಗೂ ಪುಸ್ತಕದಲ್ಲಿ ಒಂದು ಪುಟ: ರೂಪ, ಅಭ್ಯಾಸ, ಬಲ, ದೌರ್ಬಲ್ಯ. ರಾಕ್ಷಸರು ಸಲೀಸಾಗಿ ಹುಟ್ಟಿದರು. ದೇವದೂತರು ಮಾತ್ರ ಕೈಗೆ ಹತ್ತಲಿಲ್ಲ. ಎಷ್ಟು ಚಿತ್ರ ಬರೆದರೂ ನಾನೇ ಅಚ್ಚು ಹಾಕುವ ಕ್ರಿಸ್ಮಸ್ ಕಾರ್ಡಿನ ಬಿಳಿ ರೆಕ್ಕೆಯ ಮಕ್ಕಳೇ ಬರುತ್ತಿದ್ದರು. ಅವರನ್ನು ಕಂಡರೆ ಯಾರಿಗೂ ಭಯವಿಲ್ಲ, ಭಕ್ತಿಯೂ ಇಲ್ಲ.

ಕೊನೆಗೆ ಪ್ರೇಮಣ್ಣನ ಬಳಿ ಹೋಗಿ ಅಂಗೈಯಗಲದ ಒಂದು ದೇವದೂತ ಮಾಡಿಕೊಡಿ ಎಂದೆ. ಹದಿನೈದು ದಿನ ಬಿಡುವಾದಾಗಲೆಲ್ಲ ಹೋಗಿ ಎದುರು ಕೂತೆ. ಮೂರ್ತಿ ಚೆನ್ನಾಗಿ ಬಂತು. ಉದ್ದ ತೋಳು, ಬೆನ್ನಿಗೆ ಒತ್ತಿಕೊಂಡ ರೆಕ್ಕೆ. ಆದರೆ ಮುಖದಲ್ಲಿ ಕಣ್ಣಿರಲಿಲ್ಲ.

"ಕಣ್ಣ್ ಎಂತಕ್ ಇಲ್ಲ ಪ್ರೇಮಣ್ಣ?"

"ಪೂಜೆ ಮಾಡೂದಲ್ದಲೆ. ಆಟದ್ದಕ್ಕೆ ಕಣ್ಣ್ ಇಡೂಕಾಗ."

ನಾನು ಹುಡುಕುತ್ತಿದ್ದದ್ದು ಇದನ್ನೇ. ಅಂದೇ ಅಂಗಡಿಯ ಬಾಗಿಲು ಅರ್ಧ ಎಳೆದು ಪುಟ ಬರೆಯಲು ಕೂತೆ. ಕಣ್ಣಿಲ್ಲದ ಜೀವಿಗೆ ಅಭ್ಯಾಸಗಳು ಬೇಕಲ್ಲ? ಎದುರು ಕೂತು ಕಂಡ ಪ್ರೇಮಣ್ಣನ ಅಭ್ಯಾಸಗಳನ್ನೇ ಇಡಿಯಾಗಿ ಕದ್ದೆ. ಅವು ಕಣ್ಣಿಲ್ಲದ ಮುಖಕ್ಕೆ ಯಾಕಷ್ಟು ಸರಿಯಾಗಿ ಹೊಂದಿದವು ಎಂದು ಯೋಚಿಸಲೇ ಇಲ್ಲ.

ಮರುದಿನ ಪುಟ ಹಿಡಿದುಕೊಂಡು ಓಡಿದೆ. ಪ್ರೇಮಣ್ಣ ಜಗಲಿಯಲ್ಲಿ ಕೂತು ಗಣಪತಿಯ ಸೊಂಡಿಲು ತೀಡುತ್ತಿದ್ದರು. ನಾಗಕ್ಕ ಬಣ್ಣ ಕಲಸುತ್ತಿದ್ದರು. ಇಬ್ಬರಿಗೂ ಕೇಳುವಂತೆ ಓದಿದೆ.

"ಈ ದೇವದೂತನಿಗೆ ಕಣ್ಣಿಲ್ಲ. ಬಂದವರು ಮಾತಾಡುವ ತನಕ ಹೆಸರು ಹಿಡಿದು ಕರೆಯುವುದಿಲ್ಲ. ಏನನ್ನೂ ಹೆಬ್ಬೆರಳಿನಿಂದ ಸವರಿಯೇ ಅಳೆಯುತ್ತದೆ. ಓಲೆ ಬಂದರೆ ಬೇರೆಯವರಿಂದ ಓದಿಸಿ ಕೇಳುತ್ತದೆ. ವಾಹನವಿದ್ದರೂ ನಡೆದೇ ಹೋಗುತ್ತದೆ."

ನಾಗಕ್ಕನ ಕೈ ನಿಂತಿತು. ಮೆಚ್ಚಿದರು ಎಂದುಕೊಂಡು ನಾನು ದನಿ ಇನ್ನಷ್ಟು ಏರಿಸಿದೆ.

"ದೌರ್ಬಲ್ಯ: ಅದರ ಆಯುಧವನ್ನು ಇಟ್ಟಲ್ಲಿಂದ ಒಂದು ಗೇಣು ಸರಿಸಿದರೆ ಸಾಕು."

ಪ್ರೇಮಣ್ಣನ ಬಲಗಡೆ ಕುಂಚ ಇಡುವ ಹಳೆಯ ಉಪ್ಪಿನಕಾಯಿ ಭರಣಿ ಇರುತ್ತದೆ. ಅದನ್ನು ಯಾರೂ ಮುಟ್ಟಬಾರದೆಂದು ಅವರ ಕಟ್ಟಪ್ಪಣೆ. ನಾನು ದೌರ್ಬಲ್ಯ ಮಾಡಿದ್ದು ಅದನ್ನೇ. ನಾಗಕ್ಕ ಸದ್ದಿಲ್ಲದೆ ಎದ್ದು ಬಂದು, ಗಂಡನ ಕಣ್ಣೆದುರೇ ಭರಣಿಯನ್ನೆತ್ತಿ ಒಂದು ಗೇಣು ಆಚೆ ಇಟ್ಟರು.

ಪ್ರೇಮಣ್ಣ ಕುಂಚಕ್ಕೆ ಕೈ ಚಾಚಿದರು. ಬೆರಳು ಬರೀ ನೆಲಕ್ಕೆ ತಾಗಿತು. ಅಲ್ಲೇ ಸವರಿದರು, ಮತ್ತೊಮ್ಮೆ ಸವರಿದರು.

"ಹ್ವಾಯ್," ಎಂದರು ನಾಗಕ್ಕ. "ಯಾವಗಿಂದ?"

ಪ್ರೇಮಣ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಎರ್ಡ್ ವರ್ಷ ಆಯ್ತ್. ಕಣ್ಣಿಗೆ ನೆರಳ್ ಕಾಂತ್. ಬೇರೆಂತದೂ ಕಾಂತಿಲ್ಲ."

"ಸೈಕಲ್ ಬಿಟ್ಟದ್ದ್ ಮೊಣಕಾಲ್ ನೋವಿಗೆ ಅಂದ್ರಿ. ಪೇಪರ್ ಓದ್ಸೂದ್ ನನ್ ಸ್ವರ ಕೇಂಬುಕೆ ಅಂದ್ರಿ." ನಾಗಕ್ಕನ ದನಿ ಒಡೆಯಿತು. "ನಾನ್ ಖುಷಿಯಲ್ಲಿ ದಿನಾ ಓದ್ದೆ."

ಹೋದ ಚೌತಿಗೆ ನಮ್ಮ ಮನೆಗೂ ಇಲ್ಲಿಂದಲೇ ಗಣಪತಿ ಒಯ್ದಿದ್ದೆವು. ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಾನೆ ಎಂದು ಅಮ್ಮ ಮೂರು ದಿನ ಹೇಳಿಕೊಂಡು ತಿರುಗಿದ್ದಳು. ಕೇಳದೆ ಇರಲಾಗಲಿಲ್ಲ.

"ಹಾಂಗಾರೆ ಹೋದ್ ವರ್ಷದ ಗಣಪತಿ ಕಣ್ಣ್?"

"ನಾನೇ ಬರ್ದದ್ದ್. ನಲ್ವತ್ ವರ್ಷ ಬರ್ದ ಕಣ್ಣ್, ಕೈಗೆ ಬಾಯಿಪಾಠ." ಪ್ರೇಮಣ್ಣ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ನಿನ್ ದೇವದೂತನ್ ಕಣ್ಣ್ ಈ ಕೈಗೆ ಗೊತ್ತಿಲ್ಲ ಮಗಾ. ಅದ್ಕೆ ಬಿಟ್ಟೆ."

ಎರಡು ವರ್ಷ ಹೆಂಡತಿಗೂ ಬಿಟ್ಟುಕೊಡದ ಗುಟ್ಟನ್ನು ನಾನು ಅಂಕಿ ಹಾಕಿ, ತಲೆಬರಹ ಕೊಟ್ಟು, ಅವರ ಮುಂದೆಯೇ ಹೆಮ್ಮೆಯಿಂದ ಓದಿದ್ದೆ. ತಪ್ಪಾಯಿತು ಎಂದೆ. ಪೆನ್ನು ತೆಗೆದು ದೌರ್ಬಲ್ಯದ ಸಾಲನ್ನು ಅಲ್ಲೇ ಹೊಡೆದು ಹಾಕಿದೆ.

ನಾಗಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಭರಣಿಯನ್ನೆತ್ತಿ, ನೆಲದ ಮೇಲಿದ್ದ ಅದರ ಹಳೆಯ ಗುರುತು ನೋಡಿ, ಸರಿಯಾಗಿ ಅದರ ಮೇಲೇ ಇಟ್ಟರು. ಗಂಡನ ಕೈ ಹಿಡಿದು ಭರಣಿಗೆ ಮುಟ್ಟಿಸಿದರು.

"ಇಲ್ಲೇ ಇತ್ತ್ ಕಾಣಿ," ಎಂದರು. "ಇನ್ ಸರ್ಸೂದಿಲ್ಲ."