ಕುಡಿಯದ ಅಕ್ಕನ ಲಿವರ್ ಕೆಟ್ಟಾಗ

ಅಕ್ಕನ ಅತ್ತೆ ಅವಳ ಬಾಯಿ ಮೂಸಿ ನೋಡಿದ್ದನ್ನು ನಾನೇ ಕಣ್ಣಾರೆ ಕಂಡೆ.

ತೊಂಬತ್ತರ ದಶಕದ ಮಾತು. ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಹತ್ತಿರದ ಹಳ್ಳಿಗೆ ಅಕ್ಕನನ್ನು ಕೊಟ್ಟಿದ್ದೆವು. ನೋಡಿಕೊಂಡು ಬರೋಣ ಅಂತ ನಾಗಮಂಗಲದಿಂದ ಬಸ್ಸು ಹತ್ತಿ ಹೋದರೆ ಅಲ್ಲಿ ಈ ನಾಟಕ.

ಅಕ್ಕನಿಗೆ ಪದೇ ಪದೇ ಕಾಮಾಲೆ. ಪಾಂಡವಪುರದ ಕಡೆಯ ನಾಟಿ ವೈದ್ಯರು ಸೊಪ್ಪಿನ ರಸ ಕುಡಿಸಿ, ಸುಣ್ಣದ ನೀರಿನಲ್ಲಿ ಕೈ ತೊಳೆಸಿದ್ದರು. ನೀರು ಹಳದಿಯಾಯಿತು, ಕಾಮಾಲೆ ಇಳಿಯಿತು ಅಂದರು.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಣ್ಣು ಹಳದಿ...

ವೈದ್ಯರು ತಮ್ಮ ಔಷಧವನ್ನು ಅನುಮಾನಿಸುತ್ತಾರೆಯೇ? ಇವಳೇ ಕದ್ದುಮುಚ್ಚಿ ಪಥ್ಯ ಮುರಿದಿದ್ದಾಳೆ ಅಂದುಬಿಟ್ಟರು. ಉಪ್ಪಿಲ್ಲದ ಅನ್ನ ಉಣ್ಣುತ್ತಿದ್ದ ಅಕ್ಕನಿಗೆ ಮನೆಯವರೆಲ್ಲ ಕಾವಲು ಕೂತರು.

ಆಮೇಲೆ ಪೇಟೆಯ ಡಾಕ್ಟರು ಲಿವರ್ ಕೆಟ್ಟಿದೆ ಅಂದಾಗ ವಿಷಯ ಇನ್ನೂ ಹದಗೆಟ್ಟಿತು. ಲಿವರ್ ಕೆಡೋದು ಕುಡಿಯೋರಿಗೆ ತಾನೇ? ದಿನಾ ಸಂಜೆ ಕುಡಿದು ಬರುತ್ತಿದ್ದ ಭಾವ ಮಾತ್ರ ಗುಂಡುಕಲ್ಲಿನ ಹಾಗಿದ್ದರು. ಅವರನ್ನು ಕೇಳುವವರೇ ಇಲ್ಲ.

"ನಿಮ್ ಅಕ್ಕನ್ನ ಕರ್ಕಂಡೋಗವ್ವ. ವಾಸಿಯಾದ್ರೆ ಕಳ್ಸಿ, ಇಲ್ದಿದ್ರೆ ಅಲ್ಲೇ ಇರ್ಲಿ ಬುಡಿ" ಅಂದರು ಅತ್ತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಮಗನಿಗೆ ಬೇರೆ ಹೆಣ್ಣು ನೋಡಿರಬೇಕು, ಅದಕ್ಕೇ ಈ ನೆಪ ಅಂತ ನನ್ನ ಅನುಮಾನ.

ಕೊನೆಗೆ ಮೈಸೂರಿನ ಆಸ್ಪತ್ರೆಯೊಂದಕ್ಕೆ ಅಕ್ಕನನ್ನು ಕರೆದುಕೊಂಡು ಹೋದೆ. ಅತ್ತೆಯೂ ಹೊರಟರು. ನಾವೆಲ್ಲಿ ಸುಳ್ಳು ಹೇಳಿಬಿಡುತ್ತೇವೋ ಅಂತ ಅವರಿಗೆ ಭಯ.

ಅಲ್ಲಿದ್ದ ಲೇಡಿ ಡಾಕ್ಟರು ಇಂಥ ಕಾಯಿಲೆಯ ಮೇಲೇ ರಿಸರ್ಚ್ ಮಾಡುತ್ತಿದ್ದರಂತೆ. ಅಕ್ಕನದು ಮಾತ್ರವಲ್ಲ, ನಮ್ಮ ಮನೆಯ ಹೆಂಗಸರು ಗಂಡಸರು ಎಲ್ಲರ ರಕ್ತವೂ ಬೇಕು ಅಂದರು. ಅದೂ ಫ್ರೀ ಟೆಸ್ಟು! ನನ್ನ ಕಿವಿ ನೆಟ್ಟಗಾಯಿತು.

ಯಾಕೆ ಅಂತ ಕೇಳಿಯೇಬಿಟ್ಟೆ.

ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ವಂತ ಲಿವರನ್ನು ಹಾಳು ಮಾಡುವ ಕಾಯಿಲೆಯಂತೆ. ಕುಡಿತದಿಂದ ಬಂದದ್ದಲ್ಲ. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಅದು ಯಾಕೆ ಅಂತ ಅವರಿಗೂ ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಹುಡುಕುತ್ತಿದ್ದಾರೆ. ಮಾತ್ರೆ ಬಿಡದೆ ತೆಗೆದುಕೊಂಡರೆ ಹತೋಟಿಗೆ ಬರಬಹುದು ಅಂದರು.

ಆಗಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ ಅನ್ನಿ. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಂಬುವುದು ಹೇಗೆ?

ಅತ್ತೆ ಡಾಕ್ಟರ ಮೇಜಿನ ಹತ್ತಿರಕ್ಕೆ ಸರಿದರು. ಇನ್ನೇನು ತಕರಾರು ತೆಗೆಯುತ್ತಾರೋ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೇನೆ.

"ನನ್ ಮಗ್ಳೂ ಇಂಗೇ ಕಣ್ಣು ಅಳದಿ ಆಗಿ ಸತ್ತೋದ್ಲು ಕಣವ್ವ. ಕದ್ದು ಕುಡೀತಾಳೆ ಅಂತ ಗಂಡನ್ ಮನೆಯೋರು ಆಚೆಗಾಕಿದ್ರು. ನಾನೂ ಅವರ ಮಾತ್ನೇ ನಂಬ್ಬುಟ್ಟೆ. ಅವ್ಳ್ದೂ ಇದೇ ಕಾಯ್ಲೆನಾ?"

ಇದ್ದರೂ ಇರಬಹುದು, ಈಗ ಹೇಳುವುದಕ್ಕಾಗುವುದಿಲ್ಲ ಅಂದರು ಡಾಕ್ಟರು.

ಬಸ್ಸಿನಲ್ಲಿ ಅತ್ತೆ ಅಕ್ಕನ ಕೈ ಬಿಡಲೇ ಇಲ್ಲ. ಶ್ರೀರಂಗಪಟ್ಟಣ ದಾಟಿದರೂ ಇಬ್ಬರೂ ಅಳುತ್ತಲೇ ಇದ್ದರು. ಅಕ್ಕನನ್ನು ಸೀದಾ ತಮ್ಮ ಮನೆಗೇ ಕರೆದುಕೊಂಡು ಹೋದರು.

ಅಕ್ಕ ಇವತ್ತಿಗೂ ಮಾತ್ರೆ ನುಂಗುತ್ತಾಳೆ, ಚೆನ್ನಾಗಿದ್ದಾಳೆ.

ಆ ಮನೆಗೆ ಒಬ್ಬಳು ಮಗಳಿದ್ದಳು ಅನ್ನುವುದೇ ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ... ನಿಮ್ಮ ಮನೆಯಲ್ಲೂ ಹೀಗೆ ಹೆಸರೇ ಎತ್ತದ ಹೆಣ್ಣುಮಕ್ಕಳು ಇದ್ದಾರಾ?