ಒಣಗ್ಲಿ ಬುಡಿ

ಹುಣಸೂರಿನ ಆ ಮರಗೆಲಸದ ಮೇಸ್ತ್ರಿ ಯಾವ ಹಲಗೆಯನ್ನಾದರೂ ಬೆರಳಿನಿಂದ ಉಜ್ಜಿ, ಬೆರಳನ್ನು ಮೂಸುತ್ತಿದ್ದರು. ಆಮೇಲೆ ಒಂದೇ ಮಾತು: “ಒಣಗ್ಲಿ ಬುಡಿ.”

ಬಾಡಿಗೆಗೆ ಬಿಡುತ್ತಿದ್ದ, ಕಾರಿನ ಹಿಂದೆ ಕಟ್ಟಿ ಒಯ್ಯುವ ಗಾಲಿಮನೆಯಂಥ ನಮ್ಮ ಕ್ಯಾಂಪರ್ ಟ್ರೈಲರಿನಲ್ಲಿ, ಎಳೆದರೆ ಪಕ್ಕಕ್ಕೆ ಚಾಚಿಕೊಳ್ಳುವ ಪುಟ್ಟ ಕೋಣೆಯೊಂದಿತ್ತು. ಮಳೆನೀರು ಸೋರಿ ಅದರ ನೆಲದ ಪ್ಲೈವುಡ್ ಉಬ್ಬಿತ್ತು. ಮೇಸ್ತ್ರಿ ಸೋರುವ ಸಂದು ಮುಚ್ಚಿದರು, ಕೊಳೆತಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಿದರು. ಸುತ್ತಲಿನ ಹಲಗೆ ಮಾತ್ರ ಇನ್ನೂ ಒದ್ದೆಯಾಗಿತ್ತು.

ಅಷ್ಟರಲ್ಲಿ ನಮ್ಮ ಭಾವ ಹೊಸ ಮ್ಯಾಟಿನ ಸುರುಳಿ ಹೊತ್ತು ತಂದರು.

“ನಾಳೆ ಗಿರಾಕಿ ಬತ್ತಾರೆ ಮೇಸ್ತ್ರಿ. ಮ್ಯಾಟ್ ಹಾಸ್ಬುಟ್ರೆ ಒದ್ದೆ ಯಾರಿಗ್ ಕಾಣ್ತದೆ?”

ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ಒದ್ದೆ ನೆಲದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು.

“ಹಾಸಿ ಸಾಮಿ,” ಎಂದರು. “ನನ್ನೂ ಸೇರ್ಸಿ ಹಾಸ್ಬುಡಿ.”