ಅರ್ಧ ಕಪ್ ಚಹಾ, ಒಂದು ಹೃದಯ

"ಚಹಾ ಅಂದ್ರ ನೀರೇನ್ರಿ, ಮೇಡಂ?"

ಹೀಗೆ ಕೇಳಿದವರು ನಮ್ಮ ಭರಮು ದಾಜಿ. ದಾಜಿ ಅಂದರೆ ಅಕ್ಕನ ಗಂಡ (ಗಡಿಯವರು ನಾವು, ಬೀಗತನವನ್ನೂ ಅರ್ಧ ಮರಾಠಿಯಲ್ಲೇ ಮಾಡುತ್ತೇವೆ). ಕೇಳಿದ್ದು ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲಿ, ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು, ಸುತ್ತ ನಿಂತಿದ್ದ ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರ ಎದುರಿಗೆ. ಅವರೆಲ್ಲ ನಕ್ಕರು. ಹೃದಯದ ಡಾಕ್ಟರ್ ಮೇಡಂ ಮಾತ್ರ ನಗಲಿಲ್ಲ.

ದಾಜಿಯದು ಹಾರ್ಟ್ ಫೇಲ್ಯೂರ್. ಹಾರ್ಟ್ ನಿಂತಿಲ್ಲ, ರಕ್ತ ದೂಡುವ ಶಕ್ತಿ ಸೋತಿದೆ. ಮಾತ್ರೆಗಳಿಂದ ಆಗುವುದೆಲ್ಲ ಆಗಿ, ಇನ್ನು ಬೇರೆಯವರ ಹೃದಯ ಹಾಕುವುದೊಂದೇ ದಾರಿ ಎಂದು ಮೇಡಂ ಕಾಯುವವರ ಪಟ್ಟಿಗೆ ಹೆಸರು ಸೇರಿಸಿದ್ದಾರೆ. ಅದು ಸಿಗುವ ತನಕ ಉಪ್ಪು ಬಿಡಬೇಕು, ನೀರು ಅಳೆದು ಕುಡಿಯಬೇಕು. ಹೆಚ್ಚಾದ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶ ತುಂಬುತ್ತದೆ.

ಏಕಸಂಬಿಯಲ್ಲಿ ಹನಿ ನೀರಾವರಿ ಪೈಪು ಮಾರುವ ಮನುಷ್ಯನಿಗೆ ನೀರಿನ ಲೆಕ್ಕ ಬಿಡಿಸಿ ಹೇಳಬೇಕೆ? ಅಕ್ಕ ಮುಂಜಾನೆ ಒಂದು ಬಾಟಲಿ ತುಂಬಿಡುತ್ತಾಳೆ. ಅದು ಮುಗಿದ ಮೇಲೆ ದಾಜಿ ಹನಿ ನೀರು ಮುಟ್ಟುವುದಿಲ್ಲ. ಶಿಸ್ತೆಂದರೆ ಶಿಸ್ತು!

ಆದರೆ ನಮ್ಮ ಜನ ಸುಮ್ಮನೆ ಕೂರುತ್ತಾರೆಯೇ? ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಬರದಿದ್ದರೆ ಅದಕ್ಕಿಂತ ದೊಡ್ಡ ಪಾಪ ಉಂಟೆ? ತೆಲಸಂಗದಿಂದ ಬೀಗರು ಬಂದರು. ಕಾಗವಾಡದ ಗಿರಾಕಿಗಳು ಗಾಡಿ ಮಾಡಿಕೊಂಡು ಬಂದರು (ಬರುವಾಗ ಗಾಡಿಯಲ್ಲಿ ಜಾಗ ಉಳಿಯಿತೆಂದು ದಾಜಿಯ ಪರಿಚಯವೇ ಇಲ್ಲದ ಇಬ್ಬರು ಕೂಡ). ಬಂದವರಿಗೆ ಚಹಾ. ಅವರು ಕುಡಿಯುವಾಗ ಮನೆಯ ಯಜಮಾನ ಬಾಯಿ ನೋಡುತ್ತಾ ಕೂತರೆ ಏನು ಶೋಭೆ?

"ನೀವು ತಗೋಲಿಲ್ಲಂದ್ರ ನಮಗ ಹೆಂಗ ಇಳೀತೈತ್ರಿ? ಅರ್ಧಾ ಕಪ್ ತಗೋರಿ, ಏನೂ ಆಗಾಂಗಿಲ್ಲ."

ಡಾಕ್ಟರು ವರ್ಷಗಟ್ಟಲೆ ಓದಿ ಹೇಳಿದ್ದನ್ನು ಒಂದು ಬಸಿ ಚಹಾದ ಮೇಲೆ ಬಗೆಹರಿಸಿಬಿಡುವ ತಜ್ಞರು ನಾವು!

ಹೀಗೆ ಊರ ಅಂತಃಕರಣವೆಲ್ಲ ಅರ್ಧರ್ಧ ಕಪ್ಪಾಗಿ ದಾಜಿಯ ಹೊಟ್ಟೆ ಸೇರಿತು. ಹೋದ ತಿಂಗಳು ಕಾಲು ಬಾತುಕೊಂಡವು. ಮಲಗಿದರೆ ಉಸಿರು ಕಟ್ಟತೊಡಗಿತು. ಅಕ್ಕ ಫೋನ್ ಮಾಡಿ ಬರೀ ಅತ್ತಳು. ನಾನು ಚಿಕ್ಕೋಡಿಯಿಂದ ಕಾರು ತೆಗೆದುಕೊಂಡು ಓಡಿದೆ, ದಾಜಿಯನ್ನು ಆ ದೊಡ್ಡ ಆಸ್ಪತ್ರೆಗೆ ಸೇರಿಸಿದೆ.

"ನೀರು ಬಾಟಲಿ ದಾಟಿಲ್ರಿ ಮೇಡಂ, ದೇವರಾಣಿ" ಎಂದರು ದಾಜಿ.

"ಮತ್ತ ಚಹಾ?" ಎಂದರು ಮೇಡಂ. (ಅವರ ತವರು ಅಥಣಿ. ನಮ್ಮ ರೋಗದ ಮೂಲ ಅವರಿಗೆ ಗೊತ್ತಿಲ್ಲವೆ?)

ಆಗಲೇ ದಾಜಿ ಆ ಮೊದಲಿನ ಪ್ರಶ್ನೆ ಕೇಳಿದ್ದು.

ಮೇಡಂ ಸ್ಟೂಲ್ ಎಳೆದುಕೊಂಡು ಹತ್ತಿರ ಕೂತರು. "ಚಹಾನೂ ನೀರರಿ, ಅಣ್ಣಾರ. ಮಜ್ಜಿಗೀನೂ ನೀರು, ಸಾರೂ ನೀರು. ಹಿಂಗ ತುಂಬಕೋತ ಹೋಗಿ ಕಿಡ್ನಿ ಕೆಟ್ರ, ನಾಳೆ ಹಾರ್ಟ್ ಬಂದ್ರೂ ನಿಮಗ ಹಾಕಾಕ ಆಗಾಂಗಿಲ್ಲ. ಬ್ಯಾರೆಯವರಿಗೆ ಹೋಗತೈತಿ."

ದಾಜಿ ಅಕ್ಕನ ಮುಖ ನೋಡಿದರು. ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚು, ಅರ್ಧ ಕಪ್ ಕುಡಿಸಿದವರ ಮೇಲೆ ಸಿಟ್ಟು ಬಂತು.

ನೀರು ಇಳಿಸಿ ಮನೆಗೆ ಕಳಿಸಿದರು. ಅಕ್ಕ ಬಂದವಳೇ ಚಹಾಪುಡಿಯ ಡಬ್ಬಿ ಒಯ್ದು ಪಕ್ಕದ ಮನೆಗೆ ಕೊಟ್ಟಳು. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಮಾತು: "ನಮ್ಮಲ್ಲಿ ಚಹಾ ಬಂದ್ ಆಗೈತ್ರಿ. ಮಾತಾಡಿಸಿ ಹೋಗ್ರಿ."

ಅಬ್ಬಾ! ದಾಜಿಯ ಹಾರ್ಟಿನ ಸುದ್ದಿಗಿಂತ ಈ ಸುದ್ದಿ ಲಗುಬಗೆಯಿಂದ ನಿಪ್ಪಾಣಿ ಮುಟ್ಟಿತು. ಬರುವವರು ಅರ್ಧಕ್ಕರ್ಧ ಕಡಿಮೆಯಾದರು. (ಪ್ರೀತಿ ಎಲ್ಲಿ ಬತ್ತಿತೋ!) ಮೊನ್ನೆ ನಮ್ಮ ಸೋದರತ್ತೆ ನನಗೆ ಫೋನ್ ಹಚ್ಚಿದರು.

"ನಿಮ್ಮಕ್ಕ ಬಾಯಿಮಾತಿಗೂ ಚಹಾ ಅನ್ನಲಿಲ್ಲಪಾ! ಲಗೂನ ಹಾರ್ಟ್ ಸಿಗಲಿ ಅಂತ ಹರಕಿ ಹೊತ್ತು ಹೋದಾಕಿ ನಾ. ನನಗ ಈ ಮರ್ಯಾದಿ?"

ಹರಕೆಯೇನೋ ದೊಡ್ಡದು, ಅತ್ತೆ. ಆದರೆ ಆ ಹೃದಯ ಸಂತೆಯಲ್ಲಿ ಸಿಗುವುದಿಲ್ಲ. ಎಲ್ಲೋ ಒಂದು ಮನೆಯವರು, ತಮ್ಮ ಮಗನೋ ಮಗಳೋ ಇನ್ನಿಲ್ಲ ಎಂದು ಗೋಳಾಡುವ ಹೊತ್ತಿನಲ್ಲೇ, ಎಂದೂ ಮುಖ ಕಾಣದ ಒಬ್ಬನಿಗಾಗಿ ಆ ಹೃದಯ ಬಿಟ್ಟುಕೊಡಲು ಹೂಂ ಅನ್ನಬೇಕು.

ನಮ್ಮಿಂದ ಅರ್ಧ ಕಪ್ ಚಹಾ ಬಿಟ್ಟುಕೊಡಲು ಆಗುವುದಿಲ್ಲವೇ?